ಜೀಪಿನ ನೆತ್ತಿಗೊಂದು ಕಡ್ಡಿ

ಕೆಲವರು ನಗೆಪಾಟಲು ಹುಡುಕಿಕೊಂಡು ಹೋಗುತ್ತಾರೆ. ನನಗೆ ಆ ತ್ರಾಸವೇ ಇಲ್ಲ. ಅದು ನನ್ನ ಅಂಗಡಿಯ ವಿಳಾಸ ಕೇಳಿಕೊಂಡು ತಾನೇ ಬರುತ್ತದೆ.

ಅಂಗಡಿ ಇರುವುದು ಜಮಖಂಡಿಯ ಒಂದು ಸಣ್ಣ ಓಣಿಯಲ್ಲಿ. ಮೊದಲು ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದೆ. ಅವು ಸತ್ತ ಮೇಲೆ ವಾಕಿಟಾಕಿಗೆ ಇಳಿದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯವರಿಗೆ ಅದು ಬೇಕೇ ಬೇಕು. ಎರಡಾಳೆತ್ತರದ ಕಬ್ಬಿನ ನಡುವೆ ನಿಂತರೆ ಮೊಬೈಲು ಬರೀ ಗಡಿಯಾರ. ಆದರೆ ಆ ಕೈ ಸೆಟ್ಟನ್ನು ಜೀಪಿನೊಳಗೆ ಹಿಡಿದು ಕುಳಿತರೂ ಪ್ರಯೋಜನವಿಲ್ಲ. ಅದರ ಗೇಣುದ್ದದ ಕಡ್ಡಿಯನ್ನು ತಗಡಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಂತೆ. ಅದಕ್ಕೇ ಆ ಕಡ್ಡಿ ಬಿಚ್ಚಿ, ಅಲ್ಲೊಂದು ವಾಯರು ಸಿಕ್ಕಿಸಿ, ಕಿಟಕಿಯಿಂದ ಹೊರಗೆ ಒಯ್ದು, ಜೀಪಿನ ನೆತ್ತಿಯ ಮೇಲೆ ಅಯಸ್ಕಾಂತದ ಬುಡವಿರುವ ಉದ್ದನೆಯ ಆಂಟೆನಾ ಕೂರಿಸಬೇಕು. ಕೆಲಸ ಅಷ್ಟೇ. ಚಹಾ ಆರುವುದರೊಳಗೆ ಮುಗಿಯಬೇಕು. ಹಾಗೆ ಮುಗಿದದ್ದು ಮಾತ್ರ ನನಗೆ ನೆನಪಿಲ್ಲ.

ಹಂಚು

ಮುಧೋಳ ಕಡೆಯ ಒಂದು ಕಾರ್ಖಾನೆಯ ಕಬ್ಬಿನ ಸಾಹೇಬರು ಹೊಸ ಜೀಪು ತಂದು ಆಂಟೆನಾ ಹಚ್ಚಲು ನನ್ನನ್ನು ಕರೆಸಿದರು. ನಾನು ಮೇಲೆ ಹತ್ತಿ ಅಯಸ್ಕಾಂತ ಇಟ್ಟೆ. ಜಾರಿ ಕೆಳಗೆ ಬಿತ್ತು. ಇನ್ನೊಮ್ಮೆ ಇಟ್ಟೆ. ಸಾಹೇಬರ ಪಾದದ ಮೇಲೆ ಬಿತ್ತು.

"ಯಾಕ್ರೀ, ನಿಮ್ಮ ಮ್ಯಾಗ್ನೆಟ್ ಸತ್ತೇತೇನು?"

"ಮ್ಯಾಗ್ನೆಟ್ ಛಲೋ ಐತ್ರಿ. ತಲ್ಯಾಗ ಏನೂ ಇಲ್ರಿ."

ಸಾಹೇಬರು ಕೆಂಪಗಾದರು. ಜೀಪಿನ ತಲೆ ಎಂದು ನಾನು ಬಿಡಿಸಿ ಹೇಳಬೇಕಾಯಿತು. ಮೇಲಿನ ಹೊದಿಕೆ ಫೈಬರಿನದು. ಅದಕ್ಕೆ ಅಯಸ್ಕಾಂತ ಹೇಗೆ ಹಿಡಿದೀತು? ಹಿಡಿದರೂ ಕೆಳಗೆ ಅಗಲವಾದ ಕಬ್ಬಿಣವಿಲ್ಲದಿದ್ದರೆ ಆಂಟೆನಾಕ್ಕೆ ಬಲ ಬರುವುದಿಲ್ಲ. "ಒಂದು ಕಬ್ಬಿಣದ ತಗಡು ಬೇಕ್ರಿ" ಎಂದೆ. ಡ್ರೈವರನ ಮನೆ ಅಲ್ಲೇ ಗೇಟಿನ ಎದುರಿಗಿತ್ತು. ಅವನು ಓಡಿಹೋಗಿ ರೊಟ್ಟಿ ಬೇಯಿಸುವ ಹಂಚು ತಂದ.

ಹಂಚನ್ನು ಬೋರಲು ಹಾಕಿ, ಹಗ್ಗದಿಂದ ಬಿಗಿದು, ಅದರ ಮೇಲೆ ಆಂಟೆನಾ ಕೂರಿಸಿದೆವು. ಸಾಹೇಬರು ಬೀಳಗಿ ಕಡೆಯ ಹೊಲಕ್ಕೆ ಹೋಗಿ ಅಲ್ಲಿಂದ ಮಾತಾಡಿದರು. ಕಾರ್ಖಾನೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತು ಬೈದಂತೆ ಕೇಳಿಸಿತು. ಎಲ್ಲರಿಗೂ ಖುಷಿ.

ಮರುದಿನ ಮುಂಜಾನೆ ಫೋನು. "ನಿಮ್ಮ ಆಂಟೆನಾ ಕೆಟ್ಟೇತಿ, ಬರ್ರಿ." ಹೋಗಿ ನೋಡಿದರೆ ಆಂಟೆನಾ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿದೆ, ಹಂಚು ಇಲ್ಲ.

"ಮನಿಯಾಕಿ ಒಯ್ದಾಳ್ರಿ, ರೊಟ್ಟಿ ಬಡ್ಯಾಕ" ಎಂದ ಡ್ರೈವರ.

ಸಾಹೇಬರೇ ಖುದ್ದು ಅವನ ಮನೆಗೆ ಹೋಗಿ ಹಂಚು ಕೇಳಿದರು. ಆಕೆ ಒಲೆಯ ಮುಂದಿನಿಂದ ಏಳಲೂ ಇಲ್ಲ. "ಒಯ್ರಿ ಸಾಹೇಬ್ರ. ಆದ್ರ ಇಂವಾ ಮಧ್ಯಾಹ್ನ ನಿಮ್ಮ ಮನ್ಯಾಗ ಉಣ್ತಾನ, ರಾತ್ರೀನೂ ನಿಮ್ಮ ಮನ್ಯಾಗ ಉಣ್ತಾನ. ಆರು ರೊಟ್ಟಿ ತಿಂತಾನ, ಹೇಳಿರ್ತೀನಿ."

"ಹೊಸಾ ಹಂಚು ತಂದ್ರ?"

"ಹೊಸಾದ್ರ ಮ್ಯಾಲೆ ರೊಟ್ಟಿ ಅಂಟಕೋತಾವ್ರಿ. ಹೊಸಾದ್ದು ನಿಮ್ಮ ಜೀಪಿಗೆ ಹಾಕ್ರಿ."

ಇದು ಯಾರಿಗೂ ಹೊಳೆದಿರಲಿಲ್ಲ. ಆದರೆ ಹೊಸ ಹಂಚು ಕೊಳ್ಳಲು ಕಾರ್ಖಾನೆಯ ಮಂಜೂರಾತಿ ಬರಬೇಕಲ್ಲ! ಹಂಗಾಮು ಮುಗಿಯುವ ತನಕ ಅದು ಬರಲಿಲ್ಲ. ಅಲ್ಲಿಯವರೆಗೆ ಆಕೆಯ ರೊಟ್ಟಿ ಮುಗಿದ ಮೇಲೆಯೇ ಸಾಹೇಬರ ಮಾತು ಶುರು. ಹೊಸದಾಗಿ ಬಂದ ಮ್ಯಾನೇಜರು ಒಂದು ಮುಂಜಾನೆ ಕಂಟ್ರೋಲ್ ರೂಮಿಗೆ ಬಂದು, "ಕಬ್ಬಿನ ಸಾಹೇಬರು ಇನ್ನೂ ಯಾಕೆ ಲೈನಿಗೆ ಬಂದಿಲ್ಲ?" ಎಂದು ಗದರಿದಾಗ ಆಪರೇಟರ್ ಎದ್ದು ನಿಂತು ವಿನಯದಿಂದ ಹೇಳಿದ:

"ಇನ್ನೂ ಹಂಚು ಆರಿಲ್ರಿ."

ಬಸ್ಸಿನಲ್ಲಿ ಬೀಗತನ

ನಮ್ಮ ಧಂದೆಯಲ್ಲಿ ವಾಯರಿನ ತುದಿಗಳಿಗೆ ಗಂಡು, ಹೆಣ್ಣು ಎನ್ನುತ್ತೇವೆ. ನಡುವೆ ಸೂಜಿ ಇದ್ದರೆ ಗಂಡು, ತೂತಿದ್ದರೆ ಹೆಣ್ಣು. ಸೆಟ್ಟಿಗೊಂದು, ಆಂಟೆನಾಕ್ಕೊಂದು ಜೋಡಿ ಕೂಡಿದರೇನೇ ಮಾತು. ಇದು ನಮಗೆ ಗೊತ್ತು. ಬನಹಟ್ಟಿಯಿಂದ ಜಮಖಂಡಿಗೆ ಹೊರಟ ಬಸ್ಸಿಗೆ ಗೊತ್ತಿರಲಿಲ್ಲ.

ನನಗೆ ಮಾಲು ಕಳಿಸುವ ಹುಬ್ಬಳ್ಳಿಯ ಅಂಗಡಿಯವನ ಫೋನು ಬಂತು. ಬಸ್ಸಿನ ಗದ್ದಲಕ್ಕೆ ನಾನು ಒದರಿ ಮಾತಾಡಬೇಕಾಯಿತು.

"ಹಾಂ, ನಮ್ಮ ಕಡೆ ಇರೋದು ಹೆಣ್ರಿ! ನಿಮ್ಮಲ್ಲಿ ಗಂಡು ಐತೇನು?"

ಮುಂದಿನ ಸೀಟಿನ ಮೂರು ತಲೆಗಳು ಒಟ್ಟಿಗೆ ತಿರುಗಿದವು.

"ಹೋದ ಸಲ ಕಳಿಸಿದ ಗಂಡು ಬರೋಬರಿ ಇಲ್ರಿ! ಭಾಳ ಸಡ್ಲ! ಎರಡು ದಿನದಾಗ ಬಿಟ್ಟು ಬಂತು!"

"ಅಯ್ಯ ಶಿವನ" ಎಂದಿತು ಪಕ್ಕದಿಂದ ಒಂದು ದನಿ. ಸೀರೆಯ ಗಂಟು ಮಡಿಲಲ್ಲಿಟ್ಟುಕೊಂಡ ನೇಕಾರರ ಮನೆಯ ಹಿರಿಯಮ್ಮ ಕುಳಿತಿದ್ದಳು.

"ಬಂಗಾರ ಇದ್ದದ್ದ ಇರ್ಲಿ! ಬಂಗಾರ ಇಲ್ಲಂದ್ರ ನಮ್ಮ ಹೆಣ್ಣಿಗೆ ಹೊಂದಂಗಿಲ್ಲ!" ನಾನು ಹೇಳಿದ್ದು ತುದಿಗೆ ಬಂಗಾರದ ಲೇಪವಿರುವ ಮಾಲನ್ನು. ಅದಕ್ಕೆ ಜಂಗು, ತುಕ್ಕು ಹಿಡಿಯುವುದಿಲ್ಲ.

ಫೋನು ಇಟ್ಟ ಕೂಡಲೇ ಹಿರಿಯಮ್ಮ ನನ್ನ ಮೊಣಕೈ ಹಿಡಿದಳು. "ಯಪ್ಪಾ, ಒಮ್ಮೆ ಬಿಟ್ಟು ಬಂದೇತಿ ಅಂದಮ್ಯಾಲೆ ಅವಸರ ಮಾಡಬ್ಯಾಡ. ಬಂಗಾರ ನೋಡಬ್ಯಾಡ, ಗುಣ ನೋಡು. ಹೆಣ್ಣು ನಿನ್ನ ಮಗಳೇನು?"

"ಮಗಳಲ್ಲಬೇ ಯವ್ವಾ, ವಾಕಿಟಾಕಿ!"

"ವಾಕಿಟಾಕಿ?" ಎಂದಳು ಆಕೆ. ನಮ್ಮ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಎಣ್ಣಿ ಎಲ್ಲವೂ ಅಡ್ಡಹೆಸರುಗಳೇ. ಆಕೆ ಮುಂದಿನ ಸೀಟಿನ ಮುದುಕನ ಬೆನ್ನು ತಟ್ಟಿದಳು. "ಕಾಕಾ, ವಾಕಿಟಾಕಿ ಅವರು ನಿಮಗ ಗೊತ್ತೇನು?"

ಮುದುಕ ತಿರುಗಿಯೂ ನೋಡದೆ ಹೇಳಿದ: "ರಬಕವಿ ವಾಕಿಟಾಕಿ ಅವರೇನು? ಭಾಳ ಛಲೋ ಮಂದಿ. ಕಣ್ಣು ಮುಚ್ಚಿ ಕೊಡ್ರಿ."

ಏದುಸಿರು

ಕಾರ್ಖಾನೆಯ ಒಬ್ಬ ಸೂಪರ್‌ವೈಸರ್ ಇದ್ದರು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ಅವರ ಗಾಡಿಗೆ ಆಂಟೆನಾ ಹಚ್ಚಿ, ಪರೀಕ್ಷೆಗೆಂದು ನಾವಿಬ್ಬರೂ ರನ್ನ ಬೆಳಗಲಿ ಹಾದಿ ಹಿಡಿದೆವು. ರಸ್ತೆ ಉಬ್ಬು ಬಂದಾಗ ನಿಧಾನ ಮಾಡಿ ಎಂದೆ. ಅವರು ಯಾರ ಮಾತನ್ನೂ ಕೇಳುವವರಲ್ಲ. ಗಾಡಿ ಹಾರಿತು, ಆಂಟೆನಾ ಕಿತ್ತುಕೊಂಡು ಹಿಂದೆ ಬಿತ್ತು. ವಾಯರಿನ ತುದಿಯಲ್ಲಿ ರಸ್ತೆಯ ಮೇಲೆ ಪುಟಿಯುತ್ತ ನಮ್ಮನ್ನು ಹಿಂಬಾಲಿಸತೊಡಗಿತು.

ರಸ್ತೆ ಬದಿಗೆ ಕುರಿ ಮೇಯುತ್ತಿದ್ದವು. ಜೊತೆಗೆ ಸಣ್ಣ ಸೊಂಟದ ಒಂದು ಬೇಟೆ ನಾಯಿ. ಪುಟಿಯುವುದನ್ನು ಕಂಡರೆ ಮುಧೋಳದ ನಾಯಿಗೆ ಅದು ಮೊಲವೇ. ಬಾಣದಂತೆ ಬಂದು ಆಂಟೆನಾ ಕಚ್ಚಿ ಎಳೆಯಿತು. ವಾಯರಿನ ಹಿಂದೆ ಕೈ ಸೆಟ್ಟೂ ಕಿಟಕಿಯಿಂದ ಹಾರಿ ಹೋಯಿತು. ನಾವು ಗಾಡಿ ನಿಲ್ಲಿಸಿ ಇಳಿಯುವುದರೊಳಗೆ ನಾಯಿ, ಆಂಟೆನಾ, ಸೆಟ್ಟು ಮೂರೂ ಕಬ್ಬಿನೊಳಗೆ ಮಾಯ.

"ಮೊಲ ಅಲ್ಲಲೇ ಅದು!" ಎಂದು ಕುರಿಯವನು ಒದರಿದ. ನಾಯಿ ನಂಬಲಿಲ್ಲ. ಸೂಪರ್‌ವೈಸರರು ಧೋತರದಂತೆ ಪ್ಯಾಂಟು ಎತ್ತಿಕೊಂಡು ಕಬ್ಬಿಗೆ ನುಗ್ಗಿದರು. ನಾನು ಅವರ ಹಿಂದೆ. ಕೊನೆಗೆ ಕುರಿಯವನು ಸೀಟಿ ಹೊಡೆದಾಗ ನಾಯಿ ತಾನೇ ಬಂದು, ಸೆಟ್ಟನ್ನು ಅವನ ಕಾಲ ಬಳಿ ಇಟ್ಟು, ಶಾಭಾಸ್‌ಗಿರಿಗೆ ಕಾಯುತ್ತ ನಿಂತಿತು. ನೋಡಿದರೆ ಮಾತಾಡುವ ಗುಂಡಿ ಮಣ್ಣು ತುಂಬಿ ಒತ್ತಿಕೊಂಡೇ ಉಳಿದಿತ್ತು.

ಕಾರ್ಖಾನೆಗೆ ಮರಳಿದಾಗ ಗೇಟಿನಲ್ಲಿ ಆಂಬುಲೆನ್ಸು, ಪಕ್ಕದಲ್ಲಿ ಡಾಕ್ಟರು, ಅವರ ಪಕ್ಕದಲ್ಲಿ ಅಳುತ್ತ ನಿಂತ ಸೂಪರ್‌ವೈಸರರ ಹೆಂಡತಿ. ಕಂಟ್ರೋಲ್ ರೂಮಿನವನು ಅಷ್ಟು ಹೊತ್ತೂ "ಹಾಹ್, ಹಾಹ್, ಹಾಹ್" ಎಂಬ ಏದುಸಿರನ್ನೇ ಕೇಳುತ್ತ ಕುಳಿತಿದ್ದನಂತೆ. ಸೂಪರ್‌ವೈಸರರಿಗೆ ಹಾರ್ಟ್ ಅಟ್ಯಾಕ್ ಆಗಿದೆ ಎಂದು ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದ. ಕಬ್ಬಿನಲ್ಲಿ ಓಡಿ ಬಂದ ಸೂಪರ್‌ವೈಸರರು ಗಾಡಿಯಿಂದ ಇಳಿದು "ಹಾಹ್, ಹಾಹ್" ಎಂದದ್ದೇ ತಡ, "ಇದ ಧ್ವನಿರೀ ಡಾಕ್ಟರ, ಇದ!" ಎಂದು ಕುಣಿದ. ಅವರನ್ನು ಎತ್ತಿ ಸ್ಟ್ರೆಚರ್ ಮೇಲೆ ಮಲಗಿಸಿಯೂ ಬಿಟ್ಟರು.

"ಲೇ, ಅದು ನಾಯಿ ಲೇ!" ಎಂದು ಅವರು ಮಲಗಿದಲ್ಲಿಂದಲೇ ಗುಡುಗಿದರು. "ನಡುವ ಬೊಗಳಿದ್ದು ಕೇಳಲಿಲ್ಲೇನು ನಿನಗ?"

"ಕೇಳಿತ್ರಿ. ದಿನಾ ಕೇಳ್ತೀನಲ್ರಿ, ಅದಕ್ಕ ಸಂಶೆ ಬರಲಿಲ್ಲ."

ಟ್ರಂಕು

ಇದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ, ಮರುಕ್ಷಣ ನಗುವೂ ಬರುತ್ತದೆ.

ಒಂದು ಮಳೆಗಾಲದಲ್ಲಿ ಘಟಪ್ರಭೆ ದಂಡೆ ಮೀರಿ ಒಂದು ಹಳ್ಳಿಯೊಳಗೆ ನುಗ್ಗಿತು. ಫೋನು, ಕರೆಂಟು ಎರಡೂ ಬಂದ್. ಜನರನ್ನು ಹೊರತರಲು ರಬ್ಬರ್ ದೋಣಿಯ ತಂಡ ಬಂದಿತ್ತು. ಅವರ ಕೈ ಸೆಟ್ಟು ನೀರಿನ ಮಟ್ಟದಿಂದ ಮುಧೋಳದ ಕಂಟ್ರೋಲ್ ರೂಮಿಗೆ ಮುಟ್ಟುತ್ತಿರಲಿಲ್ಲ. ನನ್ನನ್ನು ಕರೆಸಿದರು. ನಾನು ದಂಡೆಯಲ್ಲಿ ನಿಂತ ಜೀಪಿನ ಮೇಲೆ ಆಂಟೆನಾ ಕೂರಿಸಿದೆ, ಮಾತು ಹತ್ತಿತು. ದೋಣಿಯ ಸಾಹೇಬರಿಗೆ ಆಸೆ ಹುಟ್ಟಿತು. "ಊರೊಳಗಿಂದ ಮಾತಾಡಾಕ ಬರಬೇಕು. ಆಂಟೆನಾ ಕಿತ್ತುಕೊಂಡು ನೀವೂ ದೋಣಿ ಹತ್ರಿ."

ಹತ್ತಿದೆ. ಹತ್ತಿದ ಮೇಲೆ ಹೊಳೆಯಿತು, ರಬ್ಬರ್ ದೋಣಿಯಲ್ಲಿ ಅಯಸ್ಕಾಂತ ಎಲ್ಲಿ ಕೂರಬೇಕು? ಆಂಟೆನಾವನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡೆ. ಸೆಟ್ಟು ಬರೀ ಜೀರುಂಡೆಯಂತೆ ಕಿರ್ ಅಂದಿತು.

ಊರೊಳಗೆ ಒಂದು ಮನೆಯ ಕಟ್ಟೆಯ ಮೇಲೆ ವಯಸ್ಸಾದ ಒಬ್ಬ ಆಯಿ ತನ್ನ ಕಬ್ಬಿಣದ ಟ್ರಂಕಿನ ಮೇಲೆ ಕುಳಿತಿದ್ದಳು. ನೀರು ಕಟ್ಟೆಯ ಅಂಚು ನೆಕ್ಕುತ್ತಿತ್ತು.

"ಬಾ ಆಯಿ" ಎಂದರು ಸಾಹೇಬರು. "ಟ್ರಂಕ್ ಬ್ಯಾಡ. ಸಾಮಾನಿಲ್ಲ, ಸರಂಜಾಮಿಲ್ಲ. ಆಡಿಲ್ಲ, ಕೋಳಿಯಿಲ್ಲ. ಬರೀ ಮನುಷ್ಯಾರು."

"ಹಂಗಾದ್ರ ನೀವು ನಡೀರಿ. ನಾ ಟ್ರಂಕಿನ ಸಂಗಾಟ ತೇಲ್ತೀನಿ."

ಇವರ ವಾದ ನಡೆದಾಗಲೇ ದೂರದಲ್ಲಿ ಕೂಗು ಕೇಳಿತು. ಶಾಲೆಯ ಮಾಳಿಗೆಯ ಮೇಲೆ ಹೆಂಗಸರು, ಮಕ್ಕಳು. ನಮ್ಮ ದೋಣಿಯಲ್ಲಿ ಅವರೆಲ್ಲ ಹಿಡಿಯುವಂತಿರಲಿಲ್ಲ. ಎರಡನೆಯ ದೋಣಿ ಬರಲೇಬೇಕು, ಈಗಲೇ ಬರಬೇಕು. ಸಾಹೇಬರು ಸೆಟ್ಟಿನಲ್ಲಿ ಒದರಿದರು, ಕಿರ್ ಎಂದಿತು. ನನ್ನ ಕಣ್ಣು ಟ್ರಂಕಿನ ಮೇಲೆ ಬಿತ್ತು. "ಆಯಿ, ಒಂದೀಟು ಏಳು" ಎಂದೆ. ಅಯಸ್ಕಾಂತ ಟ್ರಂಕಿನ ಮುಚ್ಚಳಕ್ಕೆ ಠಪ್ ಎಂದು ಹತ್ತಿತು. "ಹೇಳ್ರಿ, ಸ್ವಚ್ಛ ಕೇಳಾಕತ್ತೇತಿ" ಎಂದಿತು ಕಂಟ್ರೋಲ್ ರೂಮು.

ಎರಡನೆಯ ದೋಣಿ ಹೊರಟಿತು. ಅದಕ್ಕೆ ದಾರಿ ಹೇಳುತ್ತಲೇ ಇರಬೇಕು. ಅಂದರೆ ಆಂಟೆನಾ ಟ್ರಂಕಿನ ಮೇಲೇ ಇರಬೇಕು. ಸಾಹೇಬರು ಹಲ್ಲು ಕಡಿದು, "ಟ್ರಂಕ್ ಹತ್ತಸ್ರಿ" ಎಂದರು.

"ನಾ ಮೊದಲ ಹೇಳಿದ್ನಲ್ಲಾ" ಎಂದು ಆಯಿ ಹಿಂದೆಯೇ ಹತ್ತಿದಳು.

ನಡು ನೀರಿಗೆ ಬಂದಾಗ ಎಲ್ಲಿಂದಲೋ ಕೇಳಿತು: "ಕೊಕ್."

ಸಾಹೇಬರು ತಿರುಗಿದರು. "ಏನದು?"

"ವಾಯರ್‌ಲೆಸ್ಸ್ರೀ" ಎಂದಳು ಆಯಿ, ಕಣ್ಣು ಮಿಟುಕಿಸದೆ.

ಸಾಹೇಬರು ಗುಂಡಿ ಒತ್ತಿದರು. "ಕಂಟ್ರೋಲ್, ನಿಮ್ಮ ಮಾತು ತಿಳೀಲಿಲ್ಲ. ಇನ್ನೊಮ್ಮೆ ಹೇಳ್ರಿ, ಓವರ್."

"ಕೊಕ್ ಕೊಕ್ ಕೊಕ್ಕೋ" ಎಂದಿತು ಟ್ರಂಕು.

"ನಾವೇನೂ ಹೇಳಿಲ್ರಿ" ಎಂದಿತು ಸೆಟ್ಟು. "ನಿಮ್ಮಲ್ಲೇ ಯಾರೋ ಭಾಳ ಗಾಬರಿ ಆಗ್ಯಾರ. ಧೈರ್ಯ ಹೇಳ್ರಿ, ಓವರ್."

ಸಾಹೇಬರು ನನ್ನ ಮುಖ ನೋಡಿದರು. ನಾನು ನದಿ ನೋಡಿದೆ. ಆಯಿ ಟ್ರಂಕಿನ ಜಂಗು ತಿಂದ ಮೂಲೆಯ ತೂತಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದಳು: "ಧೈರ್ಯಾ ತಗೋ ಅಂತ."

ಅಷ್ಟರಲ್ಲಿ ಎರಡನೆಯ ದೋಣಿ ಕಾಣಿಸಿತು. ಸಾಹೇಬರು ಕೋಳಿಯನ್ನು ಮರೆತು ಅದಕ್ಕೆ ದಾರಿ ಹೇಳಿದರು, ಎಡಕ್ಕೆ, ಬೇವಿನ ಗಿಡ ದಾಟಿ, ಮಾಳಿಗೆ ಕಡೆ. ಮಕ್ಕಳು ಮೊದಲು ಇಳಿದರು, ಆಮೇಲೆ ಹೆಂಗಸರು. ಎರಡೂ ದೋಣಿಗಳು ದಂಡೆ ಮುಟ್ಟಿದವು. ಸಾಹೇಬರು ಕೆಸರಿನಲ್ಲೇ ಕುಳಿತುಬಿಟ್ಟರು.

ನಾನು ಟ್ರಂಕಿನಿಂದ ಆಂಟೆನಾ ಕಿತ್ತು ಜೀಪಿನ ಮೇಲೆ ಇಟ್ಟೆ. ಆಯಿ ಕೀಲಿ ತೆಗೆದಳು. ಒಂದು ಕೆಂಪು ಕೋಳಿ ಹೊರಗೆ ಹಾರಿ, ಸಾಹೇಬರ ಹೆಗಲ ಮೇಲೆ ಕುಳಿತು, ಮೈ ಕೊಡವಿತು. ಸಾಹೇಬರು ಬೈಯಲು ಬಾಯಿ ತೆರೆದರು. ಆಗ ಆಯಿ ತನ್ನ ಸೀರೆಗಳ ನಡುವಿನಿಂದ ಏನನ್ನೋ ತೆಗೆದು ಅವರ ಅಂಗೈಯಲ್ಲಿ ಇಟ್ಟಳು. ಕೋಳಿ ಆಗಷ್ಟೇ ಇಟ್ಟ ತತ್ತಿ. ಇನ್ನೂ ಬೆಚ್ಚಗಿತ್ತು.

ಸೆಟ್ಟು ಕೂಗಿತು. "ದಂಡಿಗೆ ಮುಟ್ಟಿದ್ರೇನ್ರಿ? ದೋಣಿ ಹತ್ತಿದವರೆಲ್ಲಾ ಅರಾಮ ಅದಾರೇನು? ಓವರ್."

ಸಾಹೇಬರು ಅಂಗೈ ನೋಡಿದರು, ಹೆಗಲು ನೋಡಿದರು, ಆಯಿಯನ್ನು ನೋಡಿದರು. ಆಮೇಲೆ ನಿಧಾನಕ್ಕೆ ಗುಂಡಿ ಒತ್ತಿದರು.

"ಎಲ್ಲಾರೂ ಬಂದೇವಿ. ದೋಣ್ಯಾಗ ಒಂದು ಹೆರಿಗಿ ಆಗೇತಿ. ತಾಯಿ ನನ್ನ ಹೆಗಲ ಮ್ಯಾಲೆ ಅದಾಳ. ಓವರ್."