ಕೊಂಬು ಸುಡುವ ಭಾವ

ನಮ್ಮ ಭಾವ ಇದುವರೆಗೆ ಎಷ್ಟು ತಲೆ ಸುಟ್ಟಿದ್ದಾರೋ ಲೆಕ್ಕವಿಲ್ಲ. ಆದರೂ ಅವರ ಮೇಲೆ ಒಂದು ಕೇಸೂ ಇಲ್ಲ! ಸುಡಿಸಿಕೊಂಡವರು ಐದು ನಿಮಿಷದಲ್ಲಿ ಬಾಟಲಿ ಹಾಲು ಕುಡಿದು, ಅವರ ಪಂಚೆಯ ತುದಿಯನ್ನೇ ಜಗಿಯುತ್ತಾ ಹಿಂದೆ ಹಿಂದೆ ತಿರುಗುತ್ತಾರೆ. ಹೀಗಿರುವಾಗ ದೂರು ಕೊಡುವವರು ಯಾರು?

ಗಾಬರಿಯಾಗಬೇಡಿ, ಸುಡಿಸಿಕೊಳ್ಳುವವರು ಮೇಕೆಮರಿಗಳು. ಭಾವ ಎಂದರೆ ನನ್ನ ಅಕ್ಕನ ಗಂಡ. ಯಗಟಿಯ ತೆಂಗಿನ ತೋಟದಲ್ಲಿ ಹಾಲಿಗಾಗಿ ಮೇಕೆ ಸಾಕಿದ್ದಾರೆ. ಮರಿ ಹುಟ್ಟಿ ವಾರ ಕಳೆಯುವುದರೊಳಗೆ ಅದರ ನೆತ್ತಿಯ ಮೇಲೆ ಕಡಲೆಕಾಳಿನಷ್ಟು ಕೊಂಬಿನ ಮೊಗ್ಗು ಕೈಗೆ ಸಿಗುತ್ತದೆ. ಆಗಲೇ ಅದರ ಮೇಲೆ ಕಾದ ಕಬ್ಬಿಣವನ್ನು ಹದವಾಗಿ ಒತ್ತಿ ತೆಗೆದರೆ ಆಯುಷ್ಯಪೂರ್ತಿ ಕೊಂಬು ಬರುವುದಿಲ್ಲ.

ಈ ಕೆಲಸವನ್ನು ಬೇರೆ ಸೀಮೆಯಲ್ಲಿ ಮಾಡಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮದು ಎಮ್ಮೆದೊಡ್ಡಿ ಕಾವಲಿನ ಅಮೃತಮಹಲ್ ದನ ನೋಡಿ ಬೆಳೆದ ಸೀಮೆ. ಇಲ್ಲಿ ಎತ್ತಿನ ಯೋಗ್ಯತೆ ಅಳೆಯುವುದೇ ಕೊಂಬಿನಿಂದ. ಭಾವನ ಅಪ್ಪನಂತೂ ತಮ್ಮ ತಲೆಗೆ ಎಣ್ಣೆ ಇಲ್ಲದಿದ್ದರೂ ಎತ್ತಿನ ಕೊಂಬಿಗೆ ಹಚ್ಚದೆ ಬಿಡುತ್ತಿರಲಿಲ್ಲವಂತೆ. ಅಂಥವರ ಮಗ ಮೊದಲ ಸಲ ಕಬ್ಬಿಣ ಕಾಯಿಸಿದ ದಿನ ಊರ ಹಿರಿಯರೊಬ್ಬರು ಬೇಲಿಯಾಚೆ ನಿಂತು, "ಅಪ್ಪ ಕೊಂಬಿಗೆ ಎಣ್ಣೆ ಹಚ್ಚಿದ, ಮಗ ಬೆಂಕಿ ಹಚ್ತಾವ್ನೆ" ಅಂದರು. ಭಾವ ವಾದಕ್ಕೆ ಇಳಿಯಲಿಲ್ಲ. ಕೊಂಬಿನ ಮೇಕೆಯೊಂದು ತಿವಿದು ಪಕ್ಕದ ಮೇಕೆಯ ಕೆಚ್ಚಲು ಹರಿದುಹೋಗಿತ್ತು. ಹಿರಿಯರನ್ನು ಒಳಗೆ ಕರೆದು ಅದಕ್ಕೆ ಹಾಕಿದ್ದ ಹೊಲಿಗೆ ತೋರಿಸಿದರು, ಅಷ್ಟೆ. ಈಗ ಆ ಹಿರಿಯರ ಮನೆಯ ಮರಿಗಳೂ ಭಾವನ ಹತ್ತಿರವೇ ಬರುತ್ತವೆ.

ಕೊಂಬು ಬರುವ ಮರಿಯ ನೆತ್ತಿಯ ಕೂದಲಲ್ಲಿ ಜೋಡಿ ಸುಳಿ ಇರುತ್ತದೆ. ಹುಟ್ಟಾ ಬೋಳು ಮರಿಗೆ ಆ ಜೋಡಿ ಇರುವುದಿಲ್ಲ. ಇದನ್ನು ಹುಡುಕಿ ಹುಡುಕಿ ಭಾವನಿಗೆ ಯಾರ ತಲೆ ಕಂಡರೂ ಬೆರಳು ತಾನಾಗಿ ಕೂದಲೊಳಗೆ ಹೋಗುತ್ತದೆ. ತರೀಕೆರೆಯಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಅಕ್ಷತೆ ಹಾಕಲು ಹೋದ ಭಾವ ವರನ ಪೇಟ ಸರಿಸಿ, ನೆತ್ತಿ ಸವರಿ, ಜೋಡಿ ಸುಳಿ ಇದೆ ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿಬಿಟ್ಟರು. ಜೋಡಿ ಸುಳಿಯವನಿಗೆ ಎರಡು ಮದುವೆ ಎಂಬುದು ನಮ್ಮ ಕಡೆಯ ನಂಬಿಕೆ. ಚಿಕ್ಕಮ್ಮ ಮಂಟಪದಲ್ಲೇ ಕಣ್ಣಿಗೆ ಸೆರಗು ಒತ್ತಿಕೊಂಡರು. ಭಾವ ಅವರನ್ನು ಸಮಾಧಾನ ಮಾಡಿದ್ದು ಹೇಗೆ ಗೊತ್ತೇ? "ಹೆದರ್ಕೋಬೇಡಿ ಕಣ್ರೀ, ಕೊಂಬು ಬರೋ ವಯಸ್ಸು ದಾಟಿದೆ."

ಕಬ್ಬಿಣ ಎಷ್ಟು ಹೊತ್ತು ಒತ್ತಬೇಕು ಎಂಬುದರಲ್ಲೇ ಇಡೀ ವಿದ್ಯೆ ಇದೆ. ಕಡಿಮೆಯಾದರೆ ಸೊಟ್ಟ ಮೋಟು ಕೊಂಬು ಹುಟ್ಟುತ್ತದೆ. ಹೆಚ್ಚಾದರೆ ಬಿಸಿ ಮಿದುಳಿಗೆ ತಟ್ಟಿ ಮರಿಯ ಪ್ರಾಣವೇ ಹೋಗುತ್ತದೆ. ದೇವನೂರಿನಿಂದ ಬರುವ ಪಶುವೈದ್ಯರು ನೋವು ತಿಳಿಯದಂತೆ ಇಂಜೆಕ್ಷನ್ ಕೊಟ್ಟು, ಸೆಕೆಂಡಿನ ಲೆಕ್ಕ ಹೇಳಿಕೊಟ್ಟಿದ್ದರು. ಆದರೆ ಗಡಿಯಾರ ನೋಡುತ್ತಾ ಕೂತರೆ ಮರಿಯನ್ನು ನೋಡುವವರು ಯಾರು? ಭಾವ ತಮ್ಮದೇ ಗಡಿಯಾರ ಮಾಡಿಕೊಂಡರು. ಮನಸ್ಸಿನಲ್ಲಿ ನಾಲ್ಕು ಸಲ "ಓಂ ನಮಃ ಶಿವಾಯ". ನಾಲ್ಕನೆಯದು ಮುಗಿಯುತ್ತಲೇ ಕೈ ಮೇಲೆ. ಮೊಗ್ಗಿನ ಸುತ್ತ ತಾಮ್ರದ ಬಣ್ಣದ ಬಳೆ ಮೂಡಿದ್ದರೆ ಕೆಲಸ ಗೆದ್ದಂತೆ. ಅಜ್ಜಂಪುರದಿಂದ ಒಬ್ಬರು ಇದನ್ನು ಕಲಿಯಲು ಬಂದರು. ಭಜನೆ ಮಂಡಳಿಯವರು. ಕಬ್ಬಿಣ ಒತ್ತಿ, ಕಣ್ಣು ಮುಚ್ಚಿ, ಮೊದಲನೆಯ ಓಂಕಾರವನ್ನೇ ಎಳೆಯತೊಡಗಿದರು. ಪುಣ್ಯಕ್ಕೆ ಅವರ ಕೈಕೆಳಗಿದ್ದದ್ದು ಅಭ್ಯಾಸಕ್ಕೆಂದು ಇಟ್ಟ ತೆಂಗಿನ ಕರಟ! ಅದು ಹೊಗೆಯಾಡಿ ತೂತಾಗುತ್ತಿರುವಾಗ ಭಾವ ಮೆತ್ತಗೆ ಹೇಳಿದರು, "ಭಕ್ತಿಯಿಂದ ಹೇಳ್ಬೇಡಿ ಸ್ವಾಮಿ, ಸುಮ್ನೆ ಹೇಳಿ."

ಕಬ್ಬಿಣ ಕಾದಿದೆಯೇ ಎಂದು ಅವರು ಪರೀಕ್ಷೆ ಮಾಡುವುದು ಕೊಟ್ಟಿಗೆಯ ಬೇವಿನ ಕಂಬದ ಮೇಲೆ. ಎಡ ಮೊಗ್ಗಿಗೆ ಮುಂಚೆ ಒಮ್ಮೆ, ಬಲ ಮೊಗ್ಗಿಗೆ ಮುಂಚೆ ಒಮ್ಮೆ. ಹಾಗಾಗಿ ಒಂದೊಂದು ಮರಿಗೂ ಕಂಬದ ಮೇಲೆ ಎರಡೆರಡು ಸುಟ್ಟ ಬಳೆ, ಕೆಳಗೆ ಕೆಂಪು ಬಣ್ಣದಲ್ಲಿ ಹೆಸರು: ಗಂಗೆ, ತುಂಗೆ, ಭದ್ರೆ, ಕಾವೇರಿ. ಹೋತಮರಿಗೂ ನದಿಯ ಹೆಸರೇ. ಯಗಟಿಯ ಒಣ ನೆಲದಲ್ಲಿ ಇಷ್ಟು ನದಿಗಳು ಕೂಡಿರುವುದು ಆ ಕಂಬದ ಮೇಲೆ ಮಾತ್ರ.

ಇವೆಲ್ಲಕ್ಕಿಂತ ದೊಡ್ಡ ವಿಚಿತ್ರವೆಂದರೆ, ಕೈಗೆ ಕಬ್ಬಿಣ ಬಂದೊಡನೆ ಭಾವ ಕಿವುಡರಾಗುತ್ತಾರೆ. ಒಮ್ಮೆ ನಮ್ಮಮ್ಮ ಮತ್ತು ದೊಡ್ಡಮ್ಮ ಕಡೂರಿನ ಬಸ್ಸಿಳಿದು ಬಂದು ಗೇಟಿನಲ್ಲಿ ನಿಂತು ಮೂರು ಸಲ ಕೂಗಿದರು. ಹತ್ತು ಮಾರು ದೂರದಲ್ಲಿ ಭಾವ ಬೆನ್ನು ತಿರುಗಿಸಿ ಕೂತೇ ಇದ್ದಾರೆ! ಹೆಣ್ಣು ಕೊಟ್ಟ ಮನೆಯವರಿಗೆ ಕಾಲಿಗೆ ನೀರಿಲ್ಲ, ಬಾಯಿಗೆ ಮಾತಿಲ್ಲ. ದೊಡ್ಡಮ್ಮ ಅದೇ ಬಸ್ಸಿಗೆ ವಾಪಸ್ಸು ಹೊರಟೇಬಿಟ್ಟಿದ್ದರು. ಅಷ್ಟರಲ್ಲಿ ಭಾವ ಕಬ್ಬಿಣ ಕೆಳಗಿಟ್ಟು, ಏನೂ ಆಗದವರ ಹಾಗೆ ಮುಖ ಅರಳಿಸಿ, "ಯಾವಾಗ ಬಂದ್ರಿ? ಕೂಗ್ಬಾರ್ದಾಗಿತ್ತಾ?" ಎಂದರು. ಇದನ್ನು ನಾನು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಷ್ಟು ವರ್ಷ ಅಭಿನಯಿಸಿ ತೋರಿಸಿದ್ದೇನೋ! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕಳೆದ ವರ್ಷ ಭಾವ ಜಾರಿಬಿದ್ದು ಬಲ ಮುಂಗೈ ಮುರಿದುಕೊಂಡರು. ಅದೇ ವಾರ ಮುದಿ ಗಂಗೆ ಈಯಿತು. ಒಂದೇ ಮರಿ, ಹೆಣ್ಣು, ಜೋಡಿ ಸುಳಿ. ಗಂಗೆ ಭಾವನ ಕೊಟ್ಟಿಗೆಗೆ ಮೂಲ. ಇನ್ನು ಅದು ಈಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಪ್ಲಾಸ್ಟರ್ ಬಿಚ್ಚುವವರೆಗೆ ಕಾದರೆ ಮರಿಯ ಕೊಂಬು ಬುರುಡೆಗೆ ಕಚ್ಚಿಕೊಂಡುಬಿಡುತ್ತದೆ. ಅಕ್ಕನ ಎರಡೂ ಕೈ ಮರಿ ಹಿಡಿಯಲು ಬೇಕು. ಹಾಗಾಗಿ ನನಗೆ ಫೋನು ಬಂತು. ನನ್ನ ಕೈಲಾಗದು ಎಂದೆ. "ಲೆಕ್ಕದ ಮೇಷ್ಟ್ರಪ್ಪ ನೀನು, ನಾಲ್ಕರ ತನಕ ಎಣಿಸೋಕೆ ಬರಲ್ವಾ?" ಎಂದರು ಭಾವ.

ಹೋದೆ. ಡಾಕ್ಟರು ಇಂಜೆಕ್ಷನ್ ಕೊಟ್ಟು ಮುಂದಿನ ಊರಿಗೆ ಹೊರಟಿದ್ದರು. ಅಕ್ಕ ಮರಿಯನ್ನು ಗೋಣಿತಾಟಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪರೀಕ್ಷೆಗೆ ಕಂಬದಲ್ಲಿ ಖಾಲಿ ಜಾಗ ಹುಡುಕಲು ಬಗ್ಗಿದಾಗ, ಬುಡದಲ್ಲಿ ಒಂಟಿ ಬಳೆಯೊಂದು ಕಂಡಿತು. ಕೆಳಗೆ ವೇದಾವತಿ ಎಂದು ಬರೆದಿತ್ತು. ಇದಕ್ಕೇಕೆ ಒಂದೇ ಎಂದು ಕೇಳಿದೆ.

"ಅದಕ್ಕೆ ಜ್ವರ ಬಂದಿತ್ತು ಕಣೋ. ನೀನು ಇಲ್ಲಿ ನೋಡು" ಎಂದರು ಭಾವ. ಅಕ್ಕ ತಲೆ ತಗ್ಗಿಸಿ ಮರಿಯ ಕಿವಿ ಸರಿಮಾಡಿದಳು.

ಭಾವ ಎಡಗೈಯನ್ನು ನನ್ನ ಹೆಗಲ ಮೇಲೆ ಇಟ್ಟರು. ಎಡ ಮೊಗ್ಗು ಸರಾಗವಾಗಿ ಆಯಿತು. ಬಲ ಮೊಗ್ಗಿಗೆ ಒತ್ತಿ ಎರಡನೆಯ ನಮಃ ಶಿವಾಯಕ್ಕೆ ಬಂದಿದ್ದೆ, ಗೇಟಿನಿಂದ ಯಾರೋ "ಮೇಷ್ಟ್ರೇ, ಯಾವಾಗ ಬಂದ್ರಿ?" ಎಂದು ಕೂಗಿದರು. ಓಗೊಡಲು ನನ್ನ ಬಾಯಿ ತೆರೆದೇಹೋಗಿತ್ತು. ಭಾವನ ಬೆರಳುಗಳು ಹೆಗಲನ್ನು ಹಿಂಡಿದವು. ಅಷ್ಟು ನೋಯುವಂತೆ ಅವರು ನನ್ನನ್ನು ಎಂದೂ ಮುಟ್ಟಿರಲಿಲ್ಲ. ಮೂರು. ನಾಲ್ಕು. ಎತ್ತಿದೆ. ತಾಮ್ರದ ಬಳೆ ದುಂಡಗೆ ಮೂಡಿತ್ತು. ಸ್ವಲ್ಪ ಹೊತ್ತಿಗೆ ಮರಿ ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯಿತು.

ಭಾವ ಗೇಟಿನವರನ್ನು ಮಾತಾಡಿಸಲು ಹೋದಾಗ ಅಕ್ಕ ಮೆಲ್ಲಗೆ ಕೇಳಿದಳು, "ನೀನು ಹೊಸ ಬೈಕ್ ತೋರಿಸೋಕೆ ಬಂದ ದಿನ ಜ್ಞಾಪಕ ಇದೆಯೇನೋ?"

ಇದೆ. ಗೇಟಿನಿಂದಲೇ "ಭಾವಾ, ಬೇಗ ಬನ್ನಿ" ಎಂದು ಅರಚಿದ್ದೆ. ಹೆಂಡತಿಯ ತಮ್ಮ ಬಾಗಿಲಲ್ಲಿ ನಿಂತು ಕೂಗಿದರೆ ಓಗೊಡದೆ ಇರುವುದು ಹೇಗೆ ಎಂದು ಭಾವ ತಿರುಗಿ, "ಬಾಪ್ಪಾ, ಬಂದೆ" ಎಂದಿದ್ದರು. ಉಳಿದದ್ದನ್ನು ಅಕ್ಕ ಈಗ ಹೇಳಿದಳು: ತಿರುಗಿದ್ದು ಮುಖ ಮಾತ್ರ, ಕೈ ಮರಿಯ ತಲೆಯ ಮೇಲೇ ಇತ್ತು. ಎಣಿಕೆ ತಪ್ಪಿತ್ತು. ಬಲ ಮೊಗ್ಗಿನ ಮಾತೇ ಬರಲಿಲ್ಲ. ವೇದಾವತಿ ಮೂರನೆಯ ದಿನ ಸತ್ತಿತು. ನಾನು ಬಂದ ದಿನ ಭಾವ ಬೈಕಿನ ಸುತ್ತ ಒಂದು ಸುತ್ತು ಬಂದು ಚೆನ್ನಾಗಿದೆ ಎಂದರು. ಮುಖ ಬಾಡಿತ್ತು. ಹೊಟ್ಟೆಕಿಚ್ಚಿರಬೇಕು ಎಂದುಕೊಂಡು ನಾನು ಖುಷಿಪಟ್ಟಿದ್ದೆ.

"ನಿಂಗೆ ಹೇಳ್ಬಾರ್ದು ಅಂತ ನನ್ ಕೈಲಿ ಆಣೆ ಹಾಕಿಸಿದ್ರು. ಅವತ್ತಿಂದ ಕಬ್ಬಿಣ ಹಿಡಿದ್ರೆ ಯಾರಿಗೂ ಓಗೊಡಲ್ಲ" ಎಂದಳು ಅಕ್ಕ.

ಭಾವ ವಾಪಸ್ಸು ಬಂದರು. ವೇದಾವತಿಯ ಮಾತೆತ್ತಿದ್ದರೂ ಜ್ವರ ಎಂದೇ ಹೇಳುತ್ತಿದ್ದರು. ಸ್ಟಾಫ್ ರೂಮಿನ ಆ ನಾಟಕವನ್ನು ಮಾತ್ರ ಅಂದೇ ನಿಲ್ಲಿಸಿದೆ. ಈಗ ಯಗಟಿಗೆ ಹೋದರೆ ಬೈಕನ್ನು ತಿರುವಿನಲ್ಲೇ ಬಿಟ್ಟು ನಡೆದು ಬರುತ್ತೇನೆ. ಭಾವ ಬೆನ್ನು ತಿರುಗಿಸಿ ಕೂತಿದ್ದರೆ ಗೇಟಿನ ಹೊರಗೆ ಸುಮ್ಮನೆ ನಿಲ್ಲುತ್ತೇನೆ. ಮನಸ್ಸಿನಲ್ಲೇ ನಾನೂ ನಾಲ್ಕು ಎಣಿಸುತ್ತೇನೆ, ಮತ್ತೆ ನಾಲ್ಕು. ಕೊನೆಗೆ ಅವರು ಎದ್ದು, ತಿರುಗಿ, ನನ್ನನ್ನು ಕಂಡು ಮುಖ ಅರಳಿಸುತ್ತಾರೆ.

"ಯಾವಾಗ ಬಂದ್ಯೋ? ಕೂಗ್ಬಾರ್ದಾಗಿತ್ತಾ?"

"ಈಗ ತಾನೇ ಬಂದೆ ಭಾವ" ಎಂದು ನಾನೂ ಸುಳ್ಳು ಹೇಳುತ್ತೇನೆ.