ಮಾರುವ ಮನೆಗೆ ಹೋಟೆಲ್ ಟೈಲ್ಸ್

ಮನೆ ಮಾರುವುದು ನನ್ನಂಥವನಿಗೆ ಒಂದು ಕೆಲಸವೇ ಅಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಪ್ಯಾರೀಸ್ ಕಾರ್ನರ್‌ನ ಸಸ್ಯಾಹಾರಿ ಹೋಟೆಲೊಂದರ ಗಲ್ಲಾದಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಬಾಗಿಲಲ್ಲಿ ನಿಂತವನ ಮುಖ ನೋಡಿಯೇ ಮಸಾಲೆ ದೋಸೆಯೋ ಬರೀ ಕಾಫಿಯೋ ಹೇಳಬಲ್ಲೆ. ಮನೆ ಕೊಳ್ಳುವವನೂ ಗಿರಾಕಿಯೇ ತಾನೇ!

ಮಾರಲೇಬೇಕಿತ್ತು. ರಾಯಪುರಂನ ನಮ್ಮ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹೆಂಡತಿ ಶಾರದೆಗೆ ಮಂಡಿನೋವು. ತರಕಾರಿಗೆಂದು ಇಳಿದರೆ, ಹತ್ತುವಾಗ ಮಹಡಿಗೊಮ್ಮೆ ನಿಂತು ದೇವರನ್ನು ಕರೆಯುತ್ತಾಳೆ. ಪಕ್ಕದ ಬೀದಿಯಲ್ಲಿ ನೆಲಮಹಡಿಯ ಮನೆಯೊಂದನ್ನು ನೋಡಿಟ್ಟಿದ್ದೆವು. ಅದರ ಯಜಮಾನರು ಪೊಂಗಲ್ ಹಬ್ಬದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು.

ಬ್ರೋಕರ್ ಸೆಲ್ವಂ ನಮ್ಮ ಮನೆ ನೋಡಿ, "ಸಾರ್, ಕೊಂಜಂ ಪೈಂಟ್ ಅಡಿಂಗ, ಪೋದುಂ," ಎಂದ. ಸ್ವಲ್ಪ ಬಣ್ಣ ಬಳಿಸಿದರೆ ಸಾಕಂತೆ! ನನಗೆ ನಗು ಬಂತು.

"ಬಣ್ಣದಿಂದ ಎಂತ ಆಗ್ತದೆ? ರಿನೋವೇಶನ್ ಮಾಡಿದ್ರೆ ರೇಟು ಏರ್ತದೆ," ಎಂದು ಶಾರದೆಗೆ ಘೋಷಿಸಿದೆ.

"ನಿಮಗೆ ಅದೆಲ್ಲ ಎಂತ ಗೊತ್ತುಂಟು ಮಾರಾಯ್ರೆ?"

"ಹೋಟೆಲು ರಿಪೇರಿ ಮಾಡಿಸಿದ್ದು ಯಾರು? ಆಮೇಲೆ ವ್ಯಾಪಾರ ಜಾಸ್ತಿ ಆಯ್ತಾ ಇಲ್ವಾ?"

ಅವಳು ಎದ್ದು ಅಡುಗೆಮನೆಗೆ ಹೋದಳು. ಅದನ್ನು ನಾನು ಸರ್ವಾನುಮತದ ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಮೊದಲು ಹಾಲ್‌ನ ಗೋಡೆಗಳಿಗೆ ನೆಲದಿಂದ ಸೂರಿನವರೆಗೆ ಬಿಳಿ ಟೈಲ್ಸ್ ಹಾಕಿಸಿದೆ. ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಫಳಫಳ! ಆಮೇಲೆ ಸಾಲು ಟ್ಯೂಬ್‌ಲೈಟ್. ಬೆಳಕು ಕಡಿಮೆಯಾದರೆ ಗಿರಾಕಿಗೆ ಅನುಮಾನ ಬರುತ್ತದೆ, ಇದು ಅನುಭವದ ಮಾತು. ಅಡುಗೆಮನೆ ಗೋಡೆ ಒಡೆಸಿ ತಟ್ಟೆ ದಾಟಿಸಲು ಕಿಂಡಿ. ಹಾಲ್‌ನ ನಡುವೆ ಅಲುಗಾಡದಂತೆ ನೆಲಕ್ಕೆ ಬಿಗಿದ ಗ್ರಾನೈಟ್ ಟೇಬಲ್. ಮೂಲೆಯಲ್ಲಿ ಕನ್ನಡಿ ಸಮೇತ ಎರಡು ನಲ್ಲಿಯ ಕೈ ತೊಳೆಯುವ ತೊಟ್ಟಿ!

ಶಾರದೆ ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ನೋಡಿದಳು. "ಇನ್ನು ಬಾಗಿಲಲ್ಲಿ 'ಊಟ ತಯಾರಿದೆ' ಅಂತ ಬೋರ್ಡ್ ಒಂದು ಬಾಕಿ ಉಂಟು," ಎಂದಳು. ಕಲೆಯ ಬೆಲೆ ಮನೆಯವರಿಗೆ ಗೊತ್ತಾಗುವುದಿಲ್ಲ ಎಂದುಕೊಂಡೆ.

ಮನೆ ನೋಡಲು ಮೊದಲು ಬಂದದ್ದು ಒಂದು ತುಂಬು ಕುಟುಂಬ. ಅವರ ಅಜ್ಜ ಸೀದಾ ತೊಟ್ಟಿಗೆ ಹೋಗಿ ಕೈ ತೊಳೆದು, ಗ್ರಾನೈಟ್ ಟೇಬಲ್ಲಿಗೆ ಬಂದು ಕೂತು, ನನ್ನನ್ನು ನೋಡಿ ಕೇಳಿದರು: "ಎನ್ನ ಇರುಕ್ಕು?"

ತಿನ್ನಲು ಏನಿದೆ ಎಂದು! ನನ್ನ ಬಾಯಿಗೆ ಏನಾಗಿತ್ತೋ, "ಇಡ್ಲಿ, ವಡೆ, ಪೊಂಗಲ್," ಎಂದು ಒಂದೇ ಉಸಿರಿಗೆ ಒದರಿತು. ಅಜ್ಜ ಇಡ್ಲಿ ಎಂದರು. ಶಾರದೆ ನನ್ನನ್ನು ಸುಡುವ ಹಾಗೆ ನೋಡಿ, ಬೆಳಗಿನ ಇಡ್ಲಿಯನ್ನೇ ಕಿಂಡಿಯಿಂದ ದಾಟಿಸಿದಳು. ಅಜ್ಜ ಚಟ್ನಿಯನ್ನು ಬಾಯಿ ತುಂಬ ಹೊಗಳಿದರು. ಮನೆಯ ಬಗ್ಗೆ ಉಸಿರೆತ್ತಲಿಲ್ಲ.

ಮುಂದಿನವರು ಬ್ಯಾಂಕಿನ ಒಬ್ಬ ಮೇಡಂ. ಸೋಫಾ ಎಲ್ಲಿ ಹಾಕುವುದು ಎಂದು ಕೇಳಿದರು.

"ಸೋಫಾ ಹಾಕಿದ್ರೆ ಜನ ಏಳುದೇ ಇಲ್ಲಮ್ಮ! ಟೇಬಲ್ ಖಾಲಿಯಾಗುದು ಯಾವಾಗ?" ಎಂದುಬಿಟ್ಟೆ. ಕನ್ನಡ ಅರ್ಥವಾಗಲಿಕ್ಕಿಲ್ಲ ಎಂದು ತಮಿಳಿನಲ್ಲೂ ಹೇಳಿದೆ. ಅವರು ಚಪ್ಪಲಿ ಸರಿಯಾಗಿ ಹಾಕಿಕೊಳ್ಳದೆಯೇ ಇಳಿದು ಹೋದರು.

ಪೊಂಗಲ್ ಹತ್ತಿರ ಬಂತು. ನೆಲಮಹಡಿಯ ಯಜಮಾನರ ಫೋನೂ ಬಂತು: ಬೇರೆ ಪಾರ್ಟಿ ಬಂದಿದೆ, ನಿಮ್ಮದೇನು ಕಥೆ? ಅವತ್ತು ಶಾರದೆ ಎರಡನೇ ಮಹಡಿಯ ಮೆಟ್ಟಿಲಲ್ಲೇ ಕೂತುಬಿಟ್ಟಿದ್ದಳು. ಕೈಯಲ್ಲಿ ನುಗ್ಗೆಕಾಯಿ ಚೀಲ, ಕಣ್ಣಲ್ಲಿ ನೀರು. "ಆ ಮನೆ ಹೋಯ್ತು, ಅಲ್ವಾ?" ಎಂದಳು. ಸುತ್ತಿಗೆ ತಕೊಂಡು ಆ ತೊಟ್ಟಿಯನ್ನು ಪುಡಿ ಮಾಡುವಷ್ಟು ಸಿಟ್ಟು ಬಂತು, ತೊಟ್ಟಿಯ ಮೇಲಲ್ಲ, ನನ್ನ ಮೇಲೆ.

ಮರುದಿನ ಕತ್ತಲಾದ ಮೇಲೆ ಸೆಲ್ವಂ ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ಕರೆತಂದ. ಅವರು ಒಳಗೆ ಕಾಲಿಟ್ಟದ್ದೇ ತಡ, ಕರೆಂಟ್ ಹೋಯಿತು! ಟೈಲ್ಸಿಲ್ಲ, ತೊಟ್ಟಿಯಿಲ್ಲ, ಕಿಂಡಿಯಿಲ್ಲ, ಏನೂ ಕಾಣಲಿಲ್ಲ. ಶಾರದೆ ಅವರನ್ನು ಕೈಹಿಡಿದು ಹಿಂದಿನ ಬಾಲ್ಕನಿಗೆ ಕರೆದುಕೊಂಡು ಹೋದಳು. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. "ಎನ್ನ ಕಾತ್ತು!" ಎಂಥ ಗಾಳಿ ಎಂದು ಹುಡುಗಿ ಕೂಗಿದಳು. ಅಲ್ಲಿಯೇ ಮಾತು ಮುಗಿಯಿತು, ಅಡ್ವಾನ್ಸೂ ಕೈಸೇರಿತು. ಆ ಬಾಲ್ಕನಿಯನ್ನು ಮುಚ್ಚಿಸಿ ಪಾತ್ರೆ ತೊಳೆಯುವ ಜಾಗ ಮಾಡಲು ನಾನು ಮೇಸ್ತ್ರಿಗೆ ಹೇಳಿದ್ದೆ. ಶಾರದೆ ನನಗೆ ತಿಳಿಯದಂತೆ ಅವನನ್ನು ವಾಪಸು ಕಳಿಸಿದ್ದಳಂತೆ. ಆ ಅಡ್ವಾನ್ಸನ್ನು ರಾತ್ರಿಯೇ ಯಜಮಾನರ ಕೈಗಿಟ್ಟೆವು, ನೆಲಮಹಡಿಯ ಮನೆ ನಮ್ಮದಾಯಿತು.

ಮರುದಿನ ಬೆಳಿಗ್ಗೆ ಜೋಡಿ ಅಳತೆ ತೆಗೆಯಲು ಬಂತು. ಹಗಲು ಬೆಳಕಲ್ಲಿ ಹಾಲ್ ನೋಡಿ ಇಬ್ಬರೂ ಬಾಗಿಲಲ್ಲೇ ನಿಂತರು. ಎಲ್ಲ ಒಡೆಸಿಬಿಡೋಣ ಎಂದು ತಮ್ಮೊಳಗೇ ಹೇಳಿಕೊಂಡು, ಹುಡುಗ ನನ್ನ ಕಡೆ ತಿರುಗಿದ. "ಯಾರ್ ಸಾರ್ ಇಂದ ವೇಲೈ ಪಣ್ಣದು?"

ಈ ಕೆಲಸ ಮಾಡಿಸಿದ್ದು ಯಾರು! ನಾನು ಗಂಟಲು ಸರಿಮಾಡಿಕೊಂಡು, ನಮಗಿಂತ ಹಿಂದಿನ ಓನರ್ ಎಂದೆ.

ಶಾರದೆ ಕಿಂಡಿಯಿಂದ ತಲೆ ಹೊರಹಾಕಿ, ಸ್ವಚ್ಛ ತಮಿಳಿನಲ್ಲಿ ಮಾತು ಜೋಡಿಸಿದಳು: ಆ ಓನರ್ ಒಳ್ಳೆಯ ಮನುಷ್ಯರೇ, ಪಾಪ, ಹೆಂಡತಿ ಮಾತು ಕೇಳುವ ಅಭ್ಯಾಸ ಮಾತ್ರ ಇರಲಿಲ್ಲ.

"ಅಯ್ಯೋ, ಪಾವಂ ಅಂದ ಅಮ್ಮಾ!" ಪಾಪ ಆ ಅಮ್ಮ ಎಂದು ಹುಡುಗಿ ಆ ಕಾಣದ ಹೆಂಡತಿಗಾಗಿ ಮರುಗಿದಳು.

ನಾನೂ ಗಂಭೀರವಾಗಿ ತಲೆಯಾಡಿಸಿ ಮರುಗಿದೆ. ಬೇರೆ ದಾರಿ ಏನಿತ್ತು!