ಹಿಂದಿನ ಸೀಟಿನ ಕೆಳಗಿನ ಸದ್ದು

ಕಿವಿ ಸಾಹೇಬರಿಗೆ ಬಾಳಿನಲ್ಲಿ ಇದ್ದದ್ದು ಒಂದೇ ಒಂದು ಕೊರಗು. ಅದು ಅವರ ಕಾರಿನ ಹಿಂದಿನ ಸೀಟಿನ ಕೆಳಗಿನಿಂದ ಬರುತ್ತಿತ್ತು.

(ಕಿವಿ ಸಾಹೇಬರು ಎಂಬುದು ಓಣಿಯವರು ಇಟ್ಟ ಹೆಸರು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವುದು ಅವರ ಕೆಲಸ. ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನು ಹಾಕಿ, ಸೊಳ್ಳೆ ಪಿಸುಗುಟ್ಟಿದಂಥ ಸದ್ದುಗಳನ್ನು ಕೇಳಿಸಿ, ಯಾರ ಕಿವಿಯ ಯೋಗ್ಯತೆ ಎಷ್ಟು ಎಂದು ತೀರ್ಪು ಕೊಡುತ್ತಿದ್ದರು. ಓಣಿಯಲ್ಲಿ ಯಾರಾದರೂ "ಆಂ?" ಎಂದು ಎರಡು ಸಲ ಕೇಳಿದರೆ ಸಾಹೇಬರ ಕಣ್ಣು ಹೊಳೆಯುತ್ತಿತ್ತು.)

ಆ ಕಾಲದ ಕಾರನ್ನು ಈಗಿನವರಿಗೆ ಸ್ವಲ್ಪ ವಿವರಿಸಬೇಕು. ಈಗಿನ ಕಾರಿನಲ್ಲಿ ಕೂತರೆ ಇಂಜಿನ್ನು ಓಡುತ್ತಿದೆಯೋ ಮಲಗಿದೆಯೋ ತಿಳಿಯುವುದಿಲ್ಲ. ಆಗ ಹಾಗಿರಲಿಲ್ಲ. ಇಂಜಿನ್ನು ಮುಂದೆ, ಅದು ತಿರುಗಿಸುವ ಗಾಲಿ ಹಿಂದೆ, ನಡುವೆ ಒಂದು ಉದ್ದನೆಯ ಶಾಫ್ಟು. ಶಾಫ್ಟು ಹೊತ್ತು ತಂದ ಸುತ್ತನ್ನು ಎರಡು ಗಾಲಿಗಳಿಗೆ ಹಂಚಿಕೊಡುವುದು ಡಿಫರೆನ್ಷಿಯಲ್ ಎಂಬ ಕಬ್ಬಿಣದ ಕುಂಬಳಕಾಯಿ. ಅದು ಸರಿಯಾಗಿ ಹಿಂದಿನ ಸೀಟಿನ ಕೆಳಗೆ ಇರುತ್ತಿತ್ತು. ಸಾಹೇಬರ ಕಾರಿನ ಡಿಫರೆನ್ಷಿಯಲ್ಲಿನಲ್ಲಿ ಶಾಫ್ಟು ಐದು ಸುತ್ತಿಗಿಂತ ಹೆಚ್ಚು ತಿರುಗಿದರೆ ಗಾಲಿ ಒಂದು ಸುತ್ತು ತಿರುಗುತ್ತಿತ್ತು. ಇದರಿಂದ ಎಳೆತ ಆನೆಯದು. ಕಾರಿನ ತಲೆಯ ಮೇಲೆ ಬೀರು ಕಟ್ಟಿ, ಹೊಟ್ಟೆಯಲ್ಲಿ ಎಂಟು ಜನ ನೆಂಟರನ್ನು ತುಂಬಿದರೂ ಏರು ಹತ್ತುತ್ತಿತ್ತು. ಆದರೆ ಸಮತಟ್ಟಾದ ರಸ್ತೆಯಲ್ಲಿ ಇಂಜಿನ್ನು ಐದು ಪಟ್ಟು ಹೆಣಗಬೇಕು. ವೇಗ ತೋರಿಸುವ ಮುಳ್ಳು ನಲವತ್ತು ದಾಟಿತೆಂದರೆ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅರಚುತ್ತಿತ್ತು.

ಹೀಗಾಗಿ ಕಾರಿನಲ್ಲಿ ಗಂಡಹೆಂಡಿರ ಮಾತುಕತೆ ಕೈಯಲ್ಲೇ ನಡೆಯುತ್ತಿತ್ತು. ಮುಂದಿನ ಸೀಟಿನ ಸ್ಪ್ರಿಂಗು ಎಂದೋ ಪ್ರಾಣ ಬಿಟ್ಟಿದ್ದರಿಂದ ಹೆಂಡತಿ ಹಿಂದೆ ಕೂರುತ್ತಿದ್ದರು. ಭುಜಕ್ಕೆ ಒಂದು ತಟ್ಟು ಬಿದ್ದರೆ ನಿಲ್ಲಿಸಿ ಎಂದರ್ಥ. ಎರಡು ತಟ್ಟು, ಬಾಗಿಲಿಗೆ ಬೀಗ ಹಾಕಿದ್ದು ನೆನಪಿಲ್ಲ ಎಂದು. ಚಿವುಟಿದರೆ, ಈಗ ಹಿಂದಿಕ್ಕಿದಿರಲ್ಲ, ಆ ಲಾರಿಯ ಬಗ್ಗೆ ಮನೆಗೆ ಹೋದ ಮೇಲೆ ಮಾತಾಡೋಣ ಎಂದು. ಪ್ರತಿ ಭಾನುವಾರ ಕೆರೆ ಏರಿಯ ಆಚೆ ಇದ್ದ ಹೆಂಡತಿಯ ಅಕ್ಕನ ಮನೆಗೆ ಹೀಗೆ ತಟ್ಟಿಸಿಕೊಂಡು, ಚಿವುಟಿಸಿಕೊಂಡು ಹೋಗಿಬರುತ್ತಿದ್ದರು. ಸುಖವಾಗಿಯೇ ಇದ್ದರು.

ಆ ಅರಚಾಟದ ಅಡಿಯಲ್ಲಿ ಇನ್ನೊಂದು ಸಣ್ಣ ಸದ್ದು ಇರುವುದನ್ನು ಸಾಹೇಬರ ಕಿವಿ ಹಿಡಿದುಬಿಟ್ಟಿತು. ಎಳೆ ಎಳೆಯಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಊರು ದಾಟಿ ವೇಗ ಬಂದರೆ ಶುರು, ವೇಗ ಇಳಿದರೆ ಬಂದ್. ಗ್ಯಾರೇಜಿನ ಮೇಸ್ತ್ರಿ ಕಾರು ಓಡಿಸಿದ. ಸಾಹೇಬರು ಹಿಂದಿನ ಸೀಟಿಗೆ ಕಿವಿ ಹಚ್ಚಿ ಮಲಗಿದರು. ಇಂಜಿನ್ನು ಅರಚಿತು. ಸಣ್ಣ ಸದ್ದು ಬರಲಿಲ್ಲ.

"ನನಗೇನೂ ಕೇಳ್ತಿಲ್ಲ ಸಾರ್," ಎಂದ ಮೇಸ್ತ್ರಿ.

"ಸುತ್ತಿಗೆ ಬಡಿದು ಬಡಿದು ನಿಮ್ಮ ಕಿವಿ ಹೋಗಿದೆ."

"ನಿಮಗೆ ಕೇಳಿಸ್ತಾ?"

"ಇವತ್ತು ಇಲ್ಲ," ಎಂದು ಸಾಹೇಬರು ಗಂಭೀರವಾಗಿ ಒಪ್ಪಿಕೊಂಡರು. ಮನೆಗೆ ಬರುವಷ್ಟರಲ್ಲಿ ಕಾರಣ ಹೊಳೆದಿತ್ತು. ತಾವು ಕಡ್ಡಿಯಂಥವರು. ಹೆಂಡತಿ ಹಾಗಲ್ಲ.

"ಅದು ನೀನು ಕೂತಾಗ ಮಾತ್ರ ಬರೋ ಸದ್ದು ಕಣೇ. ಭಾರ ಬಿದ್ದಾಗ ಡಿಫರೆನ್ಷಿಯಲ್ ಅಳುತ್ತೆ."

"ನನ್ನ ಭಾರಕ್ಕೆ ಕಾರು ಅಳುತ್ತೆ ಅಂತೀರಾ?"

"ಭಾರ ಅಂದ್ರೆ ಲೋಡು. ಯಂತ್ರದ ಭಾಷೇಲಿ ಹಾಗೇ ಹೇಳೋದು."

"ಮನುಷ್ಯರ ಭಾಷೇಲೂ ಅದಕ್ಕೆ ಹಾಗೇ ಹೇಳೋದು. ಹೇಗಿರುತ್ತೆ ಆ ಅಳು, ಸ್ವಲ್ಪ ಮಾಡಿ ತೋರಿಸಿ."

ಸಾಹೇಬರು ಕಣ್ಣು ಮುಚ್ಚಿ, ಕತ್ತು ಎತ್ತಿ, ಮಾಡಿ ತೋರಿಸಿದರು. ಪಕ್ಕದ ಮನೆಯ ನಾಯಿ ಎದ್ದು ಕೂತು ಉತ್ತರ ಕೊಟ್ಟಿತು.

"ಅಯ್ಯೋ ಪಾಪ, ಇಷ್ಟು ಕೆಟ್ಟದಾಗಿದೆಯಾ? ನಾನು ಅದರ ಮೇಲೇ ಕೂತಿರ್ತೀನಿ, ಒಂದಿನಾನೂ ಕೇಳಿಸಿಲ್ವಲ್ಲ ರೀ."

"ಅಂಥ ಸೂಕ್ಷ್ಮ ಎಲ್ಲರಿಗೂ ಸಿಕ್ಕೋದಿಲ್ಲ."

ಸಾಹೇಬರು ಹಟ ಹಿಡಿದರು. ಗುಜರಿಯಲ್ಲಿ ಅದೇ ಕಂಪನಿಯ ಮುಂದಿನ ಮಾದರಿಯ ಕಾರಿನ ಡಿಫರೆನ್ಷಿಯಲ್ ಸಿಕ್ಕಿತು. ಇದರಲ್ಲಿ ಶಾಫ್ಟು ನಾಲ್ಕು ಸುತ್ತು ತಿರುಗಿದರೆ ಸಾಕು, ಗಾಲಿ ಒಂದು ಸುತ್ತು. ಮೇಸ್ತ್ರಿ ಮೊದಲೇ ಹೇಳಿದ: "ಓಟ ಬರುತ್ತೆ ಸಾರ್, ಅರಚೋದು ನಿಲ್ಲುತ್ತೆ. ಆದ್ರೆ ಎಳೆತ ಹೋಗುತ್ತೆ. ಏರಿನಲ್ಲಿ ನನ್ನ ನೆನಪಿಸಿಕೊಂಡು ಬೈಬಾರದು." ಜೋಲು ಬಿದ್ದು ಗೇರಿನ ಕೋಲನ್ನೇ ನೋಡುತ್ತಿದ್ದ ಕನ್ನಡಿಯನ್ನೂ ಅವನು ಬಿಟ್ಟಿಯಾಗಿ ಎತ್ತಿ ಬಿಗಿ ಮಾಡಿಕೊಟ್ಟ.

ಭಾನುವಾರ ಕಾರು ಹೊಸ ಅಳಿಯನಂತೆ ಸದ್ದಿಲ್ಲದೆ ಹೊರಟಿತು. ಮುಳ್ಳು ನಲವತ್ತು ತೋರಿಸುವಾಗ ಕಾರು ಐವತ್ತರಲ್ಲಿತ್ತು. (ಆ ಮುಳ್ಳಿಗೆ ಗೇರ್‌ಬಾಕ್ಸು ಹೇಳಿದ್ದೇ ವೇದವಾಕ್ಯ. ಹಿಂದೆ ಏನು ಬದಲಾಗಿದೆ ಎಂದು ಅದಕ್ಕೆ ಯಾರೂ ತಿಳಿಸಿರಲಿಲ್ಲ.) ಅರಚಾಟ ಇಲ್ಲ, ಅಳುವೂ ಇಲ್ಲ. ಸಾಹೇಬರು ಗೆದ್ದಿದ್ದರು. ಈಗ ಬಾಯಿಬಿಟ್ಟು ಮಾತಾಡಬಹುದಿತ್ತು. ಏನು ಮಾತಾಡಬೇಕೆಂದು ಮಾತ್ರ ಇಬ್ಬರಿಗೂ ತೋಚಲಿಲ್ಲ.

"ಕಿಟಕಿ ಮುಚ್ಚಲಾ?"

"ಬೇಡ, ಇರಲಿ."

"ಗಾಳಿ ಇದೆ."

"ಹೂಂ. ಇದೆ."

ಭುಜದ ಮೇಲೆ ಒಂದು ತಟ್ಟೂ ಬೀಳಲಿಲ್ಲ. ಸಾಹೇಬರಿಗೆ ಯಾರದೋ ಕಾರು ಓಡಿಸುತ್ತಿರುವಂತೆ ಅನಿಸಿತು.

ಕೆರೆ ಏರಿಯ ಚಡಾವು ಬಂತು. ಮೊದಲೆಲ್ಲ ಮೂರನೆಯ ಗೇರಿನಲ್ಲಿ ಠೀವಿಯಿಂದ ಹತ್ತುತ್ತಿದ್ದ ಕಾರು ಈಗ ಮೂರರಲ್ಲಿ ನಡುಗಿತು, ಎರಡರಲ್ಲಿ ಕೆಮ್ಮಿತು, ಒಂದಕ್ಕೆ ಹಾಕಿದ ಮೇಲೆ ಭಯಂಕರವಾಗಿ ಗರ್ಜಿಸುತ್ತ ಆಮೆಯ ವೇಗದಲ್ಲಿ ತೆವಳಿತು. ಸೈಕಲ್ ತಳ್ಳಿಕೊಂಡು ಹತ್ತುತ್ತಿದ್ದವರೊಬ್ಬರು ಅನುಕಂಪದಿಂದ ನೋಡಿ ಮುಂದೆ ಹೋದರು. ಆ ಗರ್ಜನೆಯ ಅಡಿಯಿಂದ, ಎಳೆ ಎಳೆಯಾಗಿ, ಸದ್ದು ಮತ್ತೆ ಬಂತು.

ಸಾಹೇಬರು ಸಿಟ್ಟಿನಿಂದ ತಲೆ ಎತ್ತಿದರು. ಬಿಗಿ ಮಾಡಿದ ಕನ್ನಡಿಯಲ್ಲಿ ಹೆಂಡತಿ ಕಂಡರು. ಕಿಟಕಿಗೆ ಗಲ್ಲ ಊರಿ, ನೀರಿನ ಕಡೆ ನೋಡುತ್ತ, ಕಣ್ಣು ಅರೆಮುಚ್ಚಿ ಹಾಡುತ್ತಿದ್ದರು.

ಸಾಹೇಬರ ಕಾಲು ತಾನಾಗಿ ಸಡಿಲವಾಯಿತು. ಇಂಜಿನ್ನು ತಗ್ಗಿತು. ಹೆಂಡತಿಯ ಬಾಯಿ ಮುಚ್ಚಿತು. ಮತ್ತೆ ಒತ್ತಿದರು. ಇಂಜಿನ್ನು ಗರ್ಜಿಸಿತು. ಹಾಡು ಬಿಟ್ಟ ಜಾಗದಿಂದ ಹೊರಟಿತು.

ಮದುವೆಯಾದ ಮೇಲೆ ಮನೆಯಲ್ಲಿ ಆಕೆ ಒಂದು ಸಾಲು ಹಾಡಿದ್ದನ್ನೂ ಅವರು ಕೇಳಿರಲಿಲ್ಲ. ಕೇಳುವುದನ್ನೇ ಉದ್ಯೋಗ ಮಾಡಿಕೊಂಡವನ ಎದುರು ಯಾರು ತಾನೇ ಬಾಯಿ ತೆರೆಯುತ್ತಾರೆ. ಐದು ಪಟ್ಟು ಅರಚುವ ಇಂಜಿನ್ನು ಅವಳ ಪಾಲಿಗೆ ಬಾಗಿಲು ಹಾಕಿಕೊಂಡ ಕೋಣೆಯಾಗಿತ್ತು. ಆ ಬಾಗಿಲನ್ನು ತಾವೇ ಮುಂದೆ ನಿಂತು ಬಿಚ್ಚಿಸಿ ಗ್ಯಾರೇಜಿನ ಮೂಲೆಗೆ ಹಾಕಿಸಿದ್ದರು. ಅಷ್ಟೇ ಅಲ್ಲ, ಆ ಹಾಡನ್ನು ಅವಳೆದುರೇ ನಾಯಿಯ ಸಾಕ್ಷಿ ಸಹಿತ ಮಾಡಿ ತೋರಿಸಿದ್ದರು. ಇದು ಅವಳಿಗೆ ತಿಳಿದರೆ ಹಾಡೂ ಉಳಿಯುವುದಿಲ್ಲ, ತಾವೂ ಉಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತರು.

"ಹಳೇದನ್ನೇ ಹಾಕಿಬಿಡಿ ಮೇಸ್ತ್ರಿ."

"ಮತ್ತೆ ಆ ಅಳು, ಸಾರ್?"

"ಅಳು ಇರಲಿಲ್ಲ."

"ನೀವೇ ಹೇಳಿದ್ರಲ್ಲ."

ಸಾಹೇಬರು ಅತ್ತಿತ್ತ ನೋಡಿದರು. ಬೇರೆ ದಾರಿ ಇರಲಿಲ್ಲ. "ನನ್ನ ಕಿವಿಯಲ್ಲೇ ಏನೋ ತೊಂದರೆ," ಎಂದರು.

ಮೇಸ್ತ್ರಿ ಒಳ್ಳೆಯವನು. ಹಳೆಯದನ್ನು ಹಾಕಿಕೊಟ್ಟ. ಆದರೆ ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವಷ್ಟು ಒಳ್ಳೆಯವನಲ್ಲ. ಸಂಜೆಯ ಹೊತ್ತಿಗೆ ಓಣಿಯವರು ಸಾಹೇಬರನ್ನು ಕೂಗಿ ಮಾತಾಡಿಸತೊಡಗಿದರು. ಆಸ್ಪತ್ರೆಯಲ್ಲೂ ಜನ ವರದಿಯನ್ನು ಹಿಂದೆ ಮುಂದೆ ತಿರುಗಿಸಿ, "ಸರಿಯಾಗಿ ನೋಡಿದ್ರಾ ಸಾರ್?" ಎಂದರು. ಹೆಂಡತಿ ಮೊದಲು ನೊಂದುಕೊಂಡರು. ಆಮೇಲೆ, ಭಾನುವಾರದ ದಾರಿಯಲ್ಲಿ, ಇಂಜಿನ್ನು ಹಿಂದಿನಂತೆ ಅರಚಿದಾಗ, ಹಿಂದಿನಂತೆಯೇ ಹಾಡಿದರು. ಕಾರು ನಿಂತ ಮೇಲೂ ಒಂದು ಸಾಲು ಹಾಡಿ, ಗಂಡನ ಬೆನ್ನು ಅಲುಗದ್ದನ್ನು ಕಂಡು, ಇನ್ನೊಂದು ಸಾಲು ಹಾಡಿದರು. ಅಲ್ಲಿಂದ ಹಾಡು ಕಾರಿನಿಂದ ಇಳಿದು ಮನೆಯೊಳಗೆ ಬಂತು. ಅಡುಗೆಮನೆಯಲ್ಲಿ, ಬಟ್ಟೆ ಒಣಹಾಕುವಾಗ, ಸಾಹೇಬರ ಕುರ್ಚಿಯ ಹಿಂದೆಯೇ.

ಇದಕ್ಕೆ ಸಾಹೇಬರು ಕೊಟ್ಟ ಬೆಲೆ ಕಡಿಮೆಯದಲ್ಲ. ಊಟಕ್ಕೆ ಮೂರು ಸಲ ಕರೆಯುವವರೆಗೂ ಏಳುವಂತಿಲ್ಲ. ಅಕ್ಕ ಮನೆಗೆ ಬಂದಾಗಲಂತೂ ಕಲ್ಲಾಗಿ ಕೂರಬೇಕು.

"ನಿಮ್ಮನೆಯವರು ಮೊದಲಿಂದಲೂ ಸ್ವಲ್ಪ ಪೆದ್ದೇ ಕಣೇ," ಎಂದರು ಅಕ್ಕ, ಅವರ ಎದುರಿಗೇ ಕೂತು.

"ಪೆದ್ದು ಅಲ್ಲ ಅಕ್ಕ, ಪಾಪ. ತಾವು ಭಾರಿ ಬುದ್ಧಿವಂತರು ಅಂದ್ಕೊಂಡಿದ್ದಾರೆ, ಅಷ್ಟೇ."

"ಏನಂದ್ರಿ?" ಎಂದರು ಸಾಹೇಬರು, ಕಿವಿಗೆ ಕೈ ಹಚ್ಚಿ.

"ಏನಿಲ್ಲ, ಊಟ ಮಾಡಿ," ಎಂದು ಹೆಂಡತಿ ಕೂಗಿ ಹೇಳಿ, ಬಡಿಸುತ್ತ ಬಡಿಸುತ್ತ ಗುನುಗತೊಡಗಿದರು. ಎರಡನೆಯ ಸಾಲಿನ ಕೊನೆಯಲ್ಲಿ ಶ್ರುತಿ ಕೂದಲೆಳೆಯಷ್ಟು ಇಳಿಯಿತು. ಸಾಹೇಬರು ತಿದ್ದಲೆಂದು ಬಾಯಿ ತೆರೆದರು. ತೆರೆದ ಬಾಯಿಗೆ ದೊಡ್ಡದೊಂದು ತುತ್ತು ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ಅಗಿದರು.